ಗಾಜಿನ ತೊಟ್ಟಿಯಲ್ಲಿ ಹಸಿವು

ಮೊಮ್ಮಗಳ ಹುಟ್ಟುಹಬ್ಬಕ್ಕೆಂದು ನಗರದ ಅಂಗಡಿಯೊಂದರಿಂದ ನಾನು ತಂದ ಮ್ಯಾಂಡರಿನ್ ಮೀನು ಆರು ವಾರಗಳಲ್ಲಿ ಬಡಕಲಾಗಿ ಸತ್ತಿತು. ಫಿಲಿಪ್ಪೀನ್ಸ್, ಇಂಡೊನೇಷ್ಯಾಗಳ ಹವಳದ ದಿಬ್ಬಗಳ ತಳದಲ್ಲಿ ಬದುಕುವ, ಬೆರಳುದ್ದದ ಜೀವಿಯಿದು. ಪ್ರಾಣಿಲೋಕದ ನೀಲಿ ಬಹುಪಾಲು ಬೆಳಕಿನ ಚಮತ್ಕಾರ. ಇದರ ಮೈಯಲ್ಲಿರುವುದು ಮಾತ್ರ ಅಪ್ಪಟ ನೀಲಿ ವರ್ಣದ್ರವ್ಯವೆಂದು 1995ರಲ್ಲಿ ವಿಜ್ಞಾನಿಗಳು ಗುರುತಿಸಿದರು. ಆ ಬಣ್ಣವೇ ಇದಕ್ಕೆ ಮುಳುವು. ಹಗಲೆಲ್ಲ ಕಲ್ಲಿನ ಸಂದುಗಳಿಂದ ಸಾಸಿವೆಗಿಂತಲೂ ಸಣ್ಣ ಜೀವಿಗಳನ್ನು ಒಂದೊಂದಾಗಿ ಹೆಕ್ಕಿ ತಿನ್ನುವ, ಸಮುದ್ರದಿಂದ ಹಿಡಿದು ತಂದ ಈ ಮೀನು ಒಣ ಆಹಾರವನ್ನು ಸಾಮಾನ್ಯವಾಗಿ ಮೂಸಿಯೂ ನೋಡದು. ವ್ಯಾಪಾರಿ ಇದನ್ನು ಹೇಳಲಿಲ್ಲ; ನಾನೂ ಕೇಳಲಿಲ್ಲ. ಬೇಡಿಕೆ-ಪೂರೈಕೆಯನ್ನು ಎಂ.ಎ. ತರಗತಿಯಲ್ಲಿ ಓದಿದವನು ನಾನು. ಬೇಗ ಸಾಯುವ ಸರಕೇ ಮರುಬೇಡಿಕೆ ತರುತ್ತದೆಂಬುದು ಆಗ ಹೊಳೆದಿರಲಿಲ್ಲ. ತೊಟ್ಟಿಯಲ್ಲೇ ಮರಿಮಾಡಿಸಿದ ಮ್ಯಾಂಡರಿನ್‌ಗಳೂ ಈಗ ಉಂಟು. ಅವು ತಯಾರಿಸಿದ ಆಹಾರಕ್ಕೆ ಹೆಚ್ಚು ಸುಲಭವಾಗಿ ಒಗ್ಗುತ್ತವೆ. ಮೊಮ್ಮಗಳು ಇನ್ನೊಂದನ್ನು ಕೇಳಿದ್ದಾಳೆ. ಈ ಸಲ ಅಂಗಡಿಯವರನ್ನು ಮೊದಲು ವಿಚಾರಿಸಬೇಕಾದದ್ದು ಬೆಲೆಯನ್ನಲ್ಲ, ಹುಟ್ಟಿದ ಜಾಗವನ್ನು.