ಕಣದಲ್ಲಿ ಗೆದ್ದು ಲೆಕ್ಕದಲ್ಲಿ ಸೋತ ಜೋ ಲೂಯಿಸ್

ದೇಹಬಲವುಳ್ಳವನಿಗೆ ಚಿಂತೆಯಿಲ್ಲವೆಂಬುದು ಲೋಕದ ನಂಬಿಕೆ. ಆದರೆ ದೇಹಬಲವೂ ಒಂದು ಮೂಲಧನವೇ ಸರಿ. ವೆಚ್ಚದ ಮೇಲೆ ಹಿಡಿತವಿಲ್ಲದಿದ್ದರೆ ಅದೂ ಕರಗಿಹೋಗುತ್ತದೆ. ಅಮೆರಿಕದ ಹೆವಿವೇಟ್ ಮುಷ್ಟಿಯುದ್ಧ ಚಾಂಪಿಯನ್ ಜೋ ಲೂಯಿಸನ ಜೀವನ ಇದಕ್ಕೆ ಉತ್ತಮ ನಿದರ್ಶನವಾಗಿದೆ.

1914ರ ಮೇ 13ರಂದು ಅಲಬಾಮಾ ಪ್ರಾಂತ್ಯದ ಗೇಣಿ ರೈತರ ಮನೆಯಲ್ಲಿ ಆತ ಜನಿಸಿದ. 1926ರಲ್ಲಿ ಕುಟುಂಬವು ಜೀವನೋಪಾಯವನ್ನರಸಿ ಡೆಟ್ರಾಯಿಟ್ ನಗರಕ್ಕೆ ವಲಸೆ ಬಂದಿತು. ಪಿಟೀಲು ಕಲಿಯಲೆಂದು ತಾಯಿ ಕೊಟ್ಟ ಹಣವನ್ನು ಬಾಲಕನು ವ್ಯಾಯಾಮಶಾಲೆಗೆ ತೆತ್ತನೆಂದು ಪ್ರತೀತಿ. 1934ರಲ್ಲಿ ವೃತ್ತಿಪರ ಮುಷ್ಟಿಮಲ್ಲನಾದ ಆತ, 1936ರಲ್ಲಿ ಜರ್ಮನಿಯ ಮ್ಯಾಕ್ಸ್ ಷ್ಮೆಲಿಂಗನಿಗೆ ಸೋತರೂ, 1937ರ ಜೂನ್ 22ರಂದು ಷಿಕಾಗೋದಲ್ಲಿ ಜೇಮ್ಸ್ ಬ್ರಾಡಕ್‌ನನ್ನು ಕೆಡವಿ ಚಾಂಪಿಯನ್ ಪಟ್ಟವನ್ನೇರಿದ. ಸರಿಯಾಗಿ ಒಂದು ವರ್ಷದ ಬಳಿಕ ನ್ಯೂಯಾರ್ಕಿನಲ್ಲಿ ಷ್ಮೆಲಿಂಗ್ ಮತ್ತೆ ಎದುರಾದ. ನಾಜಿಗಳ ಜನಾಂಗೀಯ ಗರ್ವಕ್ಕೆ ಪರೀಕ್ಷೆಯೆಂದೇ ಭಾವಿಸಲಾಗಿದ್ದ ಆ ಸ್ಪರ್ಧೆಯನ್ನು ಲೂಯಿಸ್ ಕೇವಲ 124 ಸೆಕೆಂಡುಗಳಲ್ಲಿ ಗೆದ್ದ. ಸುಮಾರು 12 ವರ್ಷಗಳಲ್ಲಿ ಪಟ್ಟವನ್ನು 25 ಬಾರಿ ಉಳಿಸಿಕೊಂಡ.

ಗಳಿಕೆಯಷ್ಟೇ ಔದಾರ್ಯವೂ ದೊಡ್ಡದಾಗಿತ್ತು. ಕಷ್ಟಕಾಲದಲ್ಲಿ ಕುಟುಂಬವು ಪಡೆದಿದ್ದ ಸಹಾಯಧನವನ್ನು ಡೆಟ್ರಾಯಿಟ್ ನಗರಾಡಳಿತಕ್ಕೆ ಹಿಂದಿರುಗಿಸಿದ. 1942ರಲ್ಲಿ ಎರಡು ಪಂದ್ಯಗಳ ಸಂಭಾವನೆಯನ್ನು ನೌಕಾದಳ ಮತ್ತು ಭೂಸೇನೆಗಳ ಪರಿಹಾರ ನಿಧಿಗೆ ಅರ್ಪಿಸಿ, ತಿಂಗಳಿಗೆ 21 ಡಾಲರ್ ವೇತನದ ಸಾಮಾನ್ಯ ಸೈನಿಕನೂ ಆದ. ಬಂಧುಮಿತ್ರರಿಗೆ ಕೊಟ್ಟದ್ದಕ್ಕೂ, ನಷ್ಟವಾದ ವ್ಯಾಪಾರಗಳಿಗೆ ಹೂಡಿದ್ದಕ್ಕೂ ಮಿತಿಯಿರಲಿಲ್ಲ.

ಇಲ್ಲಿಯೇ ಲೆಕ್ಕ ತಪ್ಪಿತು. ಪಂದ್ಯದ ಹಣ ಕೈಸೇರಿದೊಡನೆ ಅದರಲ್ಲಿ ವ್ಯವಸ್ಥಾಪಕರ ಪಾಲು, ಮುಂಗಡ ಸಾಲಗಳ ಮರುಪಾವತಿ, ಮನೆಯ ವೆಚ್ಚ ಎಲ್ಲವೂ ಕಳೆಯುತ್ತಿದ್ದವು. ತೆರಿಗೆಗಾಗಿ ಮಾತ್ರ ಏನೂ ಉಳಿಯುತ್ತಿರಲಿಲ್ಲ. ಆ ಕಾಲದಲ್ಲಿ ಅತ್ಯುನ್ನತ ಆದಾಯದ ಮೇಲಿನ ದರವು ಶೇಕಡಾ 90ರ ಆಸುಪಾಸಿನಲ್ಲಿತ್ತು. ಹಳೆಯ ಬಾಕಿಯನ್ನು ತೀರಿಸಲು ಹೊಸ ಪಂದ್ಯವಾಡಿದರೆ ಆ ಗಳಿಕೆಗೂ ಹೊಸ ತೆರಿಗೆ ಬೀಳುತ್ತಿತ್ತು. 5 ಲಕ್ಷ ಡಾಲರಿಗೂ ಮಿಕ್ಕ ಬಾಕಿಯು ಬಡ್ಡಿ ಸೇರಿ 10 ಲಕ್ಷವನ್ನು ದಾಟಿತು.

ಸಾಲದ ಭಾರವನ್ನು ಹೊರಬೇಕಾದದ್ದು ದೇಹವೇ. 1949ರಲ್ಲಿ ನಿವೃತ್ತನಾಗಿದ್ದ ಲೂಯಿಸ್ 1950ರಲ್ಲಿ ಮರಳಿ ಕಣಕ್ಕಿಳಿದು ಎಝಾರ್ಡ್ ಚಾರ್ಲ್ಸ್‌ಗೆ ಸೋತ. 1951ರ ಅಕ್ಟೋಬರಿನಲ್ಲಿ, 37ರ ವಯಸ್ಸಿನಲ್ಲಿ, ರಾಕಿ ಮಾರ್ಸಿಯಾನೊ ಆತನನ್ನು 8ನೆಯ ಸುತ್ತಿನಲ್ಲಿ ಹೊಡೆದುರುಳಿಸಿದ. ವಯಸ್ಸಾದಂತೆ ಕಣ್ಣು ಕಂಡ ಏಟನ್ನು ದೇಹವು ತಪ್ಪಿಸಿಕೊಳ್ಳುವ ವೇಗ ಕುಂದುತ್ತದೆ. ತಲೆಗೆ ಬಿದ್ದ ಪ್ರತಿಯೊಂದು ಬಲವಾದ ಏಟಿಗೂ ಮಿದುಳು ಕಪಾಲದೊಳಗೆ ಅಲುಗಾಡುತ್ತದೆ. ಪದೇ ಪದೇ ಹೀಗಾದರೆ ಅದರ ದುಷ್ಪರಿಣಾಮ ವರ್ಷಗಳ ನಂತರವೂ ತಲೆದೋರಬಹುದು. ಆದರೂ ಹಣಕ್ಕಾಗಿ ಲೂಯಿಸ್ ಕುಸ್ತಿಗಿಳಿದು, 1956ರಲ್ಲಿ ಎದೆಗೆ ತೀವ್ರ ಪೆಟ್ಟು ತಿಂದ. 1970ರಲ್ಲಿ ಮಾನಸಿಕ ಅಸ್ವಾಸ್ಥ್ಯಕ್ಕಾಗಿ ಆಸ್ಪತ್ರೆ ಸೇರಬೇಕಾಯಿತು. ಬಳಿಕ ಲಾಸ್ ವೇಗಸ್‌ನ ಹೋಟೆಲೊಂದರಲ್ಲಿ ಅತಿಥಿಗಳನ್ನು ಸ್ವಾಗತಿಸುವ ಕೆಲಸ ದೊರೆಯಿತು. 1977ರ ಶಸ್ತ್ರಚಿಕಿತ್ಸೆಯ ನಂತರ ಗಾಲಿಕುರ್ಚಿಯೇ ಆಸರೆಯಾಯಿತು.

1981ರ ಏಪ್ರಿಲ್ 12ರಂದು ಲೂಯಿಸ್ ನಿಧನನಾದ. ಆರ್ಲಿಂಗ್ಟನ್ನಿನ ರಾಷ್ಟ್ರೀಯ ಸೈನಿಕ ಸಮಾಧಿಭೂಮಿಯಲ್ಲಿ ಆತನಿಗೆ ಸ್ಥಳ ದೊರೆಯಿತು. ಅಂತ್ಯಕ್ರಿಯೆಯ ವೆಚ್ಚಕ್ಕೆ ನೆರವಾದವರಲ್ಲಿ ಹಳೆಯ ಎದುರಾಳಿ ಷ್ಮೆಲಿಂಗನೂ ಇದ್ದನೆನ್ನುತ್ತಾರೆ.

ಊರು ಬಿಟ್ಟು ಮಹಾನಗರಗಳಲ್ಲಿ ದುಡಿಯುವವರು ಗಮನಿಸಬೇಕಾದ ಅಂಶವಿಷ್ಟೆ: ಆದಾಯ ಬಂದ ದಿನವೇ ತೆರಿಗೆಯ ಪಾಲನ್ನೂ ಮುಪ್ಪಿನ ಪಾಲನ್ನೂ ಬೇರೆಯಾಗಿ ತೆಗೆದಿರಿಸಬೇಕು. ದಾನಧರ್ಮಗಳು ಆಮೇಲೆ ಸಲ್ಲಬೇಕು. ಹಾಗೆ ಮಾಡಿದವರಿಗೆ, ದೇಹವು ವಿಶ್ರಾಂತಿ ಬೇಡುವ ವಯಸ್ಸಿನಲ್ಲಿ ಸಾಲಕ್ಕಾಗಿ ಅದನ್ನು ದಂಡಿಸುವ ಪ್ರಸಂಗ ಬಾರದು.