ಮೂಳೆಯ ಮಾತ್ರೆಗೆ ಕಾಫಿ ಬೇಡ
ಅಡಿಕೆ ಸುಲಿಯುವ, ಕಾಫಿ ಕುಯ್ಯುವ ಹೆಂಗಸರ ಬೆನ್ನು ಬಾಗಿದರೆ ‘ವಯಸ್ಸಾಯಿತು’ ಎಂದು ಸುಮ್ಮನಾಗುವುದು ನಮ್ಮಲ್ಲಿ ವಾಡಿಕೆ. ಮುಟ್ಟು ನಿಲ್ಲುವುದಕ್ಕೂ ಮೂಳೆ ಸವೆಯುವುದಕ್ಕೂ ನಂಟಿದೆಯೆಂದು ಅಮೆರಿಕದ ಬಾಸ್ಟನ್ ನಗರದ ವೈದ್ಯ ಫುಲ್ಲರ್ ಆಲ್‌ಬ್ರೈಟ್ 1941ರಲ್ಲೇ ಬರೆದಿದ್ದರು. ಇದೇ ಆಸ್ಟಿಯೋಪೊರೋಸಿಸ್; ಮೂಳೆ ಒಳಗೊಳಗೇ ಟೊಳ್ಳಾಗುವ ರೋಗ. ಅನೇಕರಿಗೆ ಇದು ತಿಳಿಯುವುದು ಅಂಗಳದಲ್ಲಿ ಜಾರಿ ಬಿದ್ದು ಸೊಂಟ ಮುರಿದಾಗಲೇ.

ತಜ್ಞ ವೈದ್ಯರು ಮೊದಲು ಎತ್ತರ ಅಳೆಯುತ್ತಾರೆ. ಹಿಂದೆ ಮೂಳೆ ಮುರಿದಿತ್ತೇ, ಉಬ್ಬಸಕ್ಕೆ ಬಹುಕಾಲ ಸ್ಟಿರಾಯ್ಡ್ ನುಂಗಿದ್ದುಂಟೇ ಎಂದು ವಿಚಾರಿಸುತ್ತಾರೆ. ರಕ್ತದಲ್ಲಿ ಕ್ಯಾಲ್ಸಿಯಂ, ವಿಟಮಿನ್ ಡಿ ನೋಡಿಸುತ್ತಾರೆ. ಬಳಿಕ ಸೊಂಟ, ಬೆನ್ನುಮೂಳೆಗಳ ಡೆಕ್ಸಾ ಸ್ಕ್ಯಾನ್. ಟಿ-ಸ್ಕೋರ್ ಮೈನಸ್ 2.5 ಅಥವಾ ಅದಕ್ಕೂ ಕೆಳಗಿದ್ದರೆ ರೋಗವೆಂಬುದು ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಗೊತ್ತುಪಡಿಸಿದ ಅಳತೆ.

ಕ್ಯಾಲ್ಸಿಯಂ, ವಿಟಮಿನ್ ಡಿ ಜೊತೆಗೆ ವಾರಕ್ಕೊಂದು ಅಲೆಂಡ್ರೊನೇಟ್ ಮಾತ್ರೆಯನ್ನು ತಜ್ಞರು ಬಹಳ ಮಂದಿಗೆ ಬರೆದುಕೊಡುತ್ತಾರೆ. ಇದನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ತುಂಬು ಲೋಟ ನೀರಿನೊಡನೆ ನುಂಗಬೇಕು. ಆಮೇಲೆ ಅರ್ಧ ಗಂಟೆ ಮಲಗಬಾರದು, ಏನನ್ನೂ ತಿನ್ನಬಾರದು, ಕುಡಿಯಬಾರದು. ಕಾಫಿಯೊಡನೆ ನುಂಗಿದರೆ ಮೈಗೆ ಹತ್ತುವುದು ಸುಮಾರು ಶೇಕಡಾ 60ರಷ್ಟು ತಗ್ಗುತ್ತದೆ. ಕಾಫಿ ಬೆಳೆಯುವ ನಾವೇ ಹೇಳುತ್ತಿದ್ದೇವೆ: ಆ ಒಂದು ದಿನ ಕಾಫಿ ಅರ್ಧ ಗಂಟೆ ತಡವಾಗಲಿ. ಸದಸ್ಯರು ಇದನ್ನು ಮನೆಯಲ್ಲಿ ಓದಿ ಹೇಳಬೇಕೆಂದು ಕೋರುತ್ತೇವೆ.