ಹರಿದ ಪಂಚೆ, ಹೊಸ ಬೊಂತೆ

ಕೆಲವು ವರ್ಷಗಳ ಹಿಂದೆ ಅಗರದ ನಮ್ಮ ಚಿಕಿತ್ಸಾಲಯಕ್ಕೆ ಎಪ್ಪತ್ತು ದಾಟಿದ ತಾಯಿಯೊಬ್ಬರು ನಿದ್ರಾನಾಶದಿಂದ ಬಳಲಿ ಬಂದರು. ಪತಿ ಲಿಂಗೈಕ್ಯರಾಗಿ ಮೂರು ತಿಂಗಳಾಗಿತ್ತು. ಅವರ ಹಳೆಯ ಪಂಚೆ, ಅಂಗಿಗಳ ಗಂಟನ್ನು ಮಂಚದ ಕೆಳಗಿರಿಸಿಕೊಂಡು ಯಾರಿಗೂ ಮುಟ್ಟಗೊಡುವುದಿಲ್ಲವೆಂದು ಮಗ ದೂರಿದನು. ಧೂಳಿನಿಂದ ಕೆಮ್ಮು ಹೆಚ್ಚುತ್ತದೆ, ಹೊರಗೆ ಹಾಕಿರೆಂದು ನಾವೇ ಹೇಳಿದೆವು. ಹದಿನೈದು ದಿನಗಳಲ್ಲಿ ಆ ತಾಯಿ ಊಟವನ್ನೂ ಬಿಟ್ಟಿದ್ದರು. ಅಶ್ವಗಂಧ, ಪಾದಾಭ್ಯಂಗ ಯಾವುದೂ ಫಲ ಕೊಡಲಿಲ್ಲ. ತಪ್ಪು ನಮ್ಮದಾಗಿತ್ತು.

ಚರಕ ಸಂಹಿತೆಯು ಚಿಕಿತ್ಸೆಯನ್ನು ದೈವವ್ಯಪಾಶ್ರಯ, ಯುಕ್ತಿವ್ಯಪಾಶ್ರಯ, ಸತ್ತ್ವಾವಜಯವೆಂದು ಮೂರು ಬಗೆಯಾಗಿ ಹೇಳುತ್ತದೆ. ಅಹಿತವಾದ ವಿಷಯಗಳಿಂದ ಮನಸ್ಸನ್ನು ಹಿಂತೆಗೆಯುವುದು ಮೂರನೆಯದು. ನಾವು ಗಂಟನ್ನು ಹಿಂತೆಗೆದೆವು, ಮನಸ್ಸನ್ನಲ್ಲ.

ಪುಣ್ಯಕ್ಕೆ ಎರಡು ಪಂಚೆಗಳು ಅಟ್ಟದ ಮೇಲೆ ಉಳಿದಿದ್ದವು. ಮಡಿಕೆಯ ಗೆರೆಯುದ್ದಕ್ಕೂ ಸೀಳಿದ ಕೊಳ್ಳೇಗಾಲದ ರೇಷ್ಮೆ ಸೀರೆಯೊಂದೂ ಇತ್ತು, ಅವರ ಮದುವೆಯದು. ಬೊಂತೆ ಹೊಲಿಯಲು ಬರುತ್ತದೆಯೇ ಎಂದು ಕೇಳಿದೆವು. “ಬರ್ದೆ ಏನು ಸ್ವಾಮಿ? ನಮ್ಮವ್ವ ಹೊಲ್ದಿದ್ದ ಬೊಂತೆ ಮ್ಯಾಲೇ ನನ್ನ ಐದು ಬಾಣಂತನ ಆಗಿದ್ದು” ಎಂದರು. ಅಂದೇ ಮೊದಲ ಬಾರಿಗೆ ಅವರು ಪೂರ್ಣವಾದ ಒಂದು ಮಾತನ್ನು ಆಡಿದ್ದು.

ನಮ್ಮ ಕಡೆಯ ಬೊಂತೆಯೇ ಉತ್ತರ ಕರ್ನಾಟಕದಲ್ಲಿ ಕೌದಿ. ಹಳಿಯಾಳ, ಯಲ್ಲಾಪುರ, ಮುಂಡಗೋಡಿನ ಸಿದ್ದಿ ಮಹಿಳೆಯರದು ಕವಂದಿ. ಬಣ್ಣದ ತುಂಡುಗಳನ್ನು ಜೋಡಿಸುವ ಅವರ ಕುಶಲತೆ ಇಂದು ದೇಶವಿದೇಶಗಳ ಪ್ರದರ್ಶನಗಳನ್ನು ಕಂಡಿದೆ. ಕೆಳಗೊಂದು ಹಳೆಯ ಸೀರೆ, ನಡುವೆ ಸವೆದ ಬಟ್ಟೆಯ ಪದರಗಳು, ಮೇಲೆ ತುಂಡುಗಳು. ಅಂಚಿನಿಂದ ಆರಂಭಿಸಿ ಸುತ್ತುತ್ತ ನಡುವಿಗೆ ಬರುವ ಸಣ್ಣ ಹೊಲಿಗೆ. ಹಲವು ಬಾರಿ ಒಗೆದ ಹತ್ತಿ ಮೃದುವಾಗಿ ಬೆವರನ್ನು ಹೀರುತ್ತದೆ, ಪದರಗಳ ನಡುವಿನ ಗಾಳಿ ದೇಹದ ಬಿಸಿಯನ್ನು ಹಿಡಿದಿಡುತ್ತದೆ. ರೇಷ್ಮೆ ಜಾರುವುದರಿಂದ ಅದು ಮೇಲ್ಪದರಕ್ಕೆ ಮಾತ್ರ ಸರಿ.

ವೈದ್ಯರಿಗೂ ಈ ಕೆಲಸ ಹೊರಗಿನದಲ್ಲ. ಸುಶ್ರುತನು ಎಂಟು ಶಸ್ತ್ರಕರ್ಮಗಳಲ್ಲಿ ಸೀವನವನ್ನು ಎಣಿಸಿದ್ದಾನೆ. ಶಿಷ್ಯನು ಅದನ್ನು ಮೊದಲು ತೆಳುವಾದ ಮತ್ತು ದಪ್ಪನಾದ ಬಟ್ಟೆಯ ಮೇಲೆ ಅಭ್ಯಸಿಸಬೇಕು. ಶರಣರಲ್ಲಿ ಸೂಜಿಕಾಯಕದ ರಾಮಿತಂದೆಯವರಿದ್ದುದನ್ನು ಭಕ್ತರು ಬಲ್ಲರು.

ಹೊಲಿಯಲು ಕೂರುವ ತಾಯಂದಿರು ಹತ್ತಿಬಟ್ಟೆಯನ್ನು ಕುದಿನೀರಿನಲ್ಲಿ ಒಗೆದು ಕಡುಬಿಸಿಲಿನಲ್ಲಿ ಒಣಗಿಸಬೇಕು. ಕಜ್ಜಿಯಿದ್ದವರ ಬಟ್ಟೆಯಾದರೆ ಇದನ್ನು ತಪ್ಪಿಸಲೇಬಾರದು. ರೇಷ್ಮೆಯನ್ನು ಮಾತ್ರ ಕುದಿಸಬಾರದು. ಅರ್ಧ ಗಂಟೆಗೊಮ್ಮೆ ಎದ್ದು ಕತ್ತು, ಸೊಂಟಗಳನ್ನು ಸಡಿಲಿಸಬೇಕು. ಮಧುಮೇಹಿಗಳು ಅಂಗುಸ್ತಾನವಿಲ್ಲದೆ ಸೂಜಿ ಹಿಡಿಯಬಾರದು. ಬದುಕೇ ಬೇಡವೆನ್ನುವವರಿಗೆ ಬೊಂತೆ ಸಾಲದು; ಅಂಥವರನ್ನು ತಡಮಾಡದೆ ಮನೋವೈದ್ಯರ ಬಳಿಗೆ ಕರೆದೊಯ್ಯಬೇಕು.

ಆ ತಾಯಿಯ ಬೊಂತೆ ಮುಗಿಯಲು ಎರಡು ತಿಂಗಳು ಹಿಡಿಯಿತು. ನಿದ್ರೆ ಅದಕ್ಕೂ ಮೊದಲೇ, ಮೂರನೆಯ ವಾರದಲ್ಲಿ, ಮೆಲ್ಲಗೆ ಮರಳಿತ್ತು. ಔಷಧಿಯನ್ನೂ ನಾವು ನಿಲ್ಲಿಸಿರಲಿಲ್ಲ; ಫಲ ಯಾವುದರದೆಂದು ಬೇರ್ಪಡಿಸಿ ಹೇಳಲಾರೆವು. ಹೊರಗೆ ಹಾಕಿಸಿದ ಅಂಗಿಗಳ ವಿಷಯವನ್ನು ಅವರು ಇಂದಿಗೂ ನಮ್ಮೆದುರು ಎತ್ತಿಲ್ಲ. ಈಗ ಎರಡನೆಯ ಬೊಂತೆ ನಡೆದಿದೆ. ಕಣ್ಣಿಗೆ ಪೊರೆ ಬಂದಿರುವುದರಿಂದ ಸೂಜಿಗೆ ದಾರ ಪೋಣಿಸಿಕೊಡುವವಳು ಮೊಮ್ಮಗಳು.